ಮದುವೆಯ ಮಂಟಪಕ್ಕೆ ಎಷ್ಟು ಮೆಟ್ಟಿಲು?



ಲಗ್ನದ ದಿನಗಳು ಸಮೀಪಿಸಿದವೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಮದುವೆಯ ವಿಚಾರವಾಗಿಯೇ ಇರುತ್ತವೆ. ಯಾವ ಮುಹೂರ್ತ ಶ್ರೇಷ್ಠ, ಪಂಚಕಳಶವನ್ನು ಹೇಗೆ ಇಡಬೇಕು, ಲಗ್ನಪತ್ರಿಕೆಯಲ್ಲಿ ಗುರುಗಳ ಹೆಸರು ಮೊದಲೋ ಮನೆದೇವರ ಹೆಸರು ಮೊದಲೋ, ವಚನ ಮಾಂಗಲ್ಯದ ಪದ್ಧತಿಯಲ್ಲಿ ಹಿರಿಯರ ಶಾಸ್ತ್ರಗಳಿಗೆ ಎಷ್ಟು ಸ್ಥಾನ ಎಂದೆಲ್ಲ ಕೇಳುತ್ತಾರೆ. ನನಗೆ ತಿಳಿದಮಟ್ಟಿಗೆ ಉತ್ತರ ಬರೆದಿದ್ದೇನೆ. ಆದರೆ ಇಷ್ಟು ವರ್ಷಗಳಲ್ಲಿ ಒಬ್ಬರಾದರೂ, “ನಾವು ಗೊತ್ತುಮಾಡಿದ ಕಲ್ಯಾಣಮಂಟಪಕ್ಕೆ ಇಷ್ಟು ಮೆಟ್ಟಿಲುಗಳಿವೆ, ನಮ್ಮ ಮುದುಕರು ಹತ್ತಬಲ್ಲರೇ” ಎಂದು ವಿಚಾರಿಸಿದ ನೆನಪಿಲ್ಲ. ವಿಚಾರಿಸದವರ ಸಾಲಿನಲ್ಲಿ ನಾನೂ ಇದ್ದೆನೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ತಮ್ಮ ಬ್ಯಾಂಕಿನ ನೌಕರಿಯ ನಿಮಿತ್ತ ಧಾರವಾಡ ಜಿಲ್ಲೆಯ ನಮ್ಮ ಹಳ್ಳಿಯಿಂದ ಮಂಗಳೂರಿಗೆ ಹೋದವನು, ನಿವೃತ್ತಿಯ ಬಳಿಕವೂ ಅಲ್ಲಿಯೇ ನೆಲೆನಿಂತಿದ್ದಾನೆ. ಅವನ ಹಿರಿಯ ಮಗಳ ವಿವಾಹ 2014ರ ವೈಶಾಖದಲ್ಲಿ ನಡೆಯಿತು. ಮನೆಗೂ ಬಸ್ ನಿಲ್ದಾಣಕ್ಕೂ ಹತ್ತಿರವೆಂದು ಕೊಡಿಯಾಲ್‌ಬೈಲಿನ ಒಂದು ಸಭಾಭವನವನ್ನು ಆರಿಸಿದೆವು. ಆರಿಸುವಾಗ ನಾನು ಜೊತೆಯಲ್ಲಿಯೇ ಇದ್ದೆ. ಬಾಡಿಗೆ ಕೇಳಿದೆವು, ಪಾತ್ರೆಪಡಗದ ಲೆಕ್ಕ ಕೇಳಿದೆವು, ಜನರೇಟರ್ ಇದೆಯೇ ಎಂದು ಕೇಳಿದೆವು. ಮದುವೆ ನಡೆಯುವ ಸಭಾಂಗಣ ಮೊದಲನೆಯ ಮಹಡಿಯಲ್ಲಿ, ಊಟದ ಮನೆ ನೆಲಮಾಳಿಗೆಯಲ್ಲಿ. ನಡುವೆ ಒಂದು ಲಿಫ್ಟು ಇತ್ತು. ಮದುವೆಯ ದಿನ ಅದರಲ್ಲಿ ಬೆಳಗಿನಿಂದ ಅನ್ನದ ಕೊಪ್ಪರಿಗೆಗಳೇ ಏರಿಳಿಯುತ್ತಿದ್ದವು.

ನಮ್ಮ ಅಕ್ಕನಿಗೆ ಆಗ 68 ವರ್ಷ. ನನಗಿಂತ ಹನ್ನೆರಡು ವರ್ಷ ಹಿರಿಯಳು, ನಮ್ಮಿಬ್ಬರನ್ನೂ ಬಗಲಲ್ಲಿ ಎತ್ತಿ ಬೆಳೆಸಿದವಳು, ಮದುಮಗಳಿಗೆ ಸೋದರತ್ತೆ. ಎರಡೂ ಮೊಣಕಾಲುಗಳ ಕೀಲು ಸವೆದಿದ್ದವು. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದಿದ್ದರಿಂದ ಪಾದಗಳು ಬಾತುಕೊಂಡಿದ್ದವು. ಮೆಟ್ಟಿಲ ಸಾಲಿನ ಬುಡದಲ್ಲಿ ನಿಂತು ಒಮ್ಮೆ ಮೇಲಕ್ಕೆ ನೋಡಿದಳು. ಇಪ್ಪತ್ತೆರಡು ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಬದಿಗೆ ಮಾತ್ರ ಕಂಬಿ.

“ತಮ್ಮಾ, ನನ್ನ ಮಣಕಾಲಿಗೆ ಇಷ್ಟ ಮೆಟ್ಲ ಆಗಂಗಿಲ್ಲ. ನಾ ಇಲ್ಲೇ ಕುಂಡ್ರತೀನಿ. ನೀವೆಲ್ಲಾ ಹೋಗ್ರಿ, ಅಕ್ಕಿಕಾಳ ಬೀಳೂ ಹೊತ್ತಾತು.”

ಹುಡುಗರು ನಾಲ್ವರು ಮುಂದೆ ಬಂದು, ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗುತ್ತೇವೆಂದರು. ಆಕೆಯ ಮುಖ ಕಪ್ಪಿಟ್ಟಿತು. “ಜೀವಂತ ಇದ್ದಾಗನ ಇಮಾನದಾಗ ಕುಂಡ್ರಸಬ್ಯಾಡ್ರೋ” ಎಂದಳು. ನಮ್ಮ ಸಮಾಜದಲ್ಲಿ ಲಿಂಗೈಕ್ಯರಾದವರನ್ನು ಕುಳ್ಳಿರಿಸಿ ವಿಮಾನದಲ್ಲಿ ಹೊತ್ತೊಯ್ಯುವುದು ರೂಢಿ. ಮದುವೆಯ ಮನೆಯ ಬಾಗಿಲಲ್ಲಿ ನಾಲ್ವರ ಹೆಗಲ ಮೇಲೆ ಕುಳಿತು ಹೋಗುವುದೆಂದರೆ ಆ ಮುದುಕಿಗೆ ಏನು ನೆನಪಾದೀತೆಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಡುಗರದು ಒಳ್ಳೆಯ ಮನಸ್ಸೇ. ಆದರೆ ಹೊತ್ತುಕೊಂಡು ಹೋಗುವುದು ಸಹಾಯವೆಂದು ಹೊರುವವರಿಗೆ ಮಾತ್ರ ಅನ್ನಿಸುತ್ತದೆ ಎಂಬುದನ್ನು ಅಂದು ಕಂಡೆ.

ಸೊಸೆಯ ಉಡಿ ತುಂಬಲೆಂದು ಆಕೆ ಊರಿನಿಂದ ಕುಬಸದ ಕಣ, ಕೊಬ್ಬರಿಬಟ್ಟಲು, ಉತ್ತತ್ತಿ, ಅಕ್ಕಿ ಎಲ್ಲವನ್ನೂ ಗಂಟು ಕಟ್ಟಿಕೊಂಡು ತಂದಿದ್ದಳು. ಅದನ್ನು ನನ್ನ ಕೈಗೆ ಕೊಟ್ಟು ಮೇಲೆ ಕಳಿಸುವಾಗ, “ಉಡಿ ತುಂಬೂದು ಗಂಡಸರ ಕೆಲಸ ಏನೋ ತಮ್ಮಾ?” ಎಂದು ನಕ್ಕಳು. ಮೇಲೆ ಅಕ್ಷತೆ ಬಿದ್ದಾಗ ಕೆಳಗೆ ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ, ಕಾವಲುಗಾರನ ಸ್ಟೂಲಿನ ಬಳಿ, ಅಂಗೈಯಲ್ಲಿ ನಾಲ್ಕು ಅಕ್ಕಿಕಾಳು ಹಿಡಿದುಕೊಂಡು ವಾಲಗದ ಸದ್ದನ್ನು ಕೇಳುತ್ತ ಕುಳಿತಿದ್ದಳಂತೆ. ಆ ಕಾಳುಗಳನ್ನು ಎಲ್ಲಿ ಹಾಕಿದೆ ಎಂದು ನಾನು ಕೇಳಲಿಲ್ಲ. ಊಟವನ್ನು ಅಲ್ಲಿಗೇ ತರಿಸಿದೆವು. ನೀರು ಮಾತ್ರ ಬೇಡವೆಂದಳು. ಆಮೇಲೆ ತಿಳಿಯಿತು, ಶೌಚಕ್ಕೆ ಹೋಗಲಾಗುವುದೋ ಇಲ್ಲವೋ ಎಂಬ ಅಂಜಿಕೆಯಿಂದ ಹಿಂದಿನ ಸಂಜೆಯಿಂದಲೇ ಆಕೆ ನೀರು ಬಿಟ್ಟಿದ್ದಳು, ಮಂಗಳೂರಿನ ವೈಶಾಖದ ಸೆಕೆಯಲ್ಲಿ. ಅಂದಿನಿಂದ ಸಭಾಭವನದ ಮದುವೆಗಳಿಗೆ ಅಕ್ಕ ಬರುತ್ತಿಲ್ಲ. ಕರೆಯಲು ಹೋದವರಿಗೆ ಉಡುಗೊರೆ ಕೊಟ್ಟು, ಕಾಲು ನೋವೆಂದು ಹೇಳಿ ಕಳಿಸುತ್ತಾಳೆ.

ಈಗ ತಮ್ಮನ ಕಿರಿಯ ಮಗಳ ಮದುವೆ ನಿಶ್ಚಯವಾಗಿದೆ, ಬರುವ ವೈಶಾಖಕ್ಕೆ. ಬೀಗರು ಗದಗಿನ ಕಡೆಯವರು. ವರನ ಕಾಕಾ ಹೈಸ್ಕೂಲಿನ ಗಣಿತ ಶಿಕ್ಷಕರು. ಮೂರನೆಯ ವಯಸ್ಸಿನಲ್ಲಿ ಪೋಲಿಯೋ ತಗಲಿ ಎರಡೂ ಕಾಲುಗಳ ಶಕ್ತಿ ಉಡುಗಿತು, ಗಾಲಿಕುರ್ಚಿಯಲ್ಲಿ ಓಡಾಡುತ್ತಾರೆ. ನಮ್ಮ ದೇಶದಲ್ಲಿ ಪೋಲಿಯೋದ ಕೊನೆಯ ಪ್ರಕರಣ 2011ರ ಜನವರಿಯದು. 2014ರ ಮಾರ್ಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೋಮುಕ್ತವೆಂದು ಸಾರಿತು. ಇನ್ನು ಮುಂದಿನ ಮಕ್ಕಳಿಗೆ ಆ ಭಯವಿಲ್ಲ. ಆದರೆ ಲಸಿಕೆ ಮನೆಮನೆಗೆ ತಲುಪುವ ಮುನ್ನ ಹುಟ್ಟಿದ ಆ ತಲೆಮಾರು ನಮ್ಮ ಮನೆಗಳಲ್ಲಿ ಈಗ ಕಾಕಾ, ಮಾಮಾ, ದೊಡ್ಡವ್ವಂದಿರಾಗಿ ಇದ್ದಾರೆ. ಮದುವೆಗಳಲ್ಲಿ ಹಿರಿತನ ವಹಿಸಬೇಕಾದ ವಯಸ್ಸು ಅವರಿಗೆ ಬಂದಿದೆ.

ನಿಶ್ಚಯವಾದ ಮೂರನೆಯ ದಿನಕ್ಕೆ ಆ ಶಿಕ್ಷಕರು ನನಗೆ ಫೋನು ಮಾಡಿದರು. ಮುಹೂರ್ತದ ವಿಚಾರವಿರಬೇಕೆಂದು ನಾನು ಪಂಚಾಂಗ ತೆರೆದೆ. “ಶಾಸ್ತ್ರಿಗಳ, ಮುಹೂರ್ತ ಹ್ಯಾಂಗೂ ಛಲೋನ ಇರತೈತಿ. ಪಾಯಖಾನಿ ಬಾಗಲಾ ಎಷ್ಟ ಅಗಲ ಐತಿ, ಅದನ್ನ ನೋಡಿ ಹೇಳ್ರಿ. ನನ್ನ ಕುರ್ಚಿ ಇಪ್ಪತ್ತಾರು ಇಂಚು” ಎಂದರು. ಅವರ ಸ್ವಂತ ಅಣ್ಣನ ಹಿರಿಯ ಮಗನ ಮದುವೆಯಲ್ಲಿ ಅವರು ಎರಡು ತಾಸು ಕಾರಿನಲ್ಲಿಯೇ ಕುಳಿತಿದ್ದು ಹಿಂದಿರುಗಿದರೆಂಬುದನ್ನು ಅವರು ಹೇಳಲಿಲ್ಲ, ಬೇರೆಯವರಿಂದ ಕೇಳಿದೆ.

ಹೀಗಾಗಿ ಕಳೆದ ತಿಂಗಳು ನಾನು ಮಂಗಳೂರಿಗೆ ಹೋದೆ. ಈ ಸಲ ಕೈಯಲ್ಲಿ ಬಡಿಗನ ಟೇಪು ಇತ್ತು. ಸರ್ಜಿಕಲ್ ಅಂಗಡಿಯಿಂದ ಒಂದು ಗಾಲಿಕುರ್ಚಿಯನ್ನು ಬಾಡಿಗೆಗೆ ತೆಗೆದುಕೊಂಡು ತಮ್ಮನ ಕಾರಿನಲ್ಲಿ ಹಾಕಿಕೊಂಡೆವು.

ಕೊಡಿಯಾಲ್‌ಬೈಲನ್ನು ಕಾಣದ ವಾಚಕರಿಗಾಗಿ ಅದರ ನೆಲದ ವಿಚಾರ ನಾಲ್ಕು ಮಾತು ಹೇಳುವುದು ಅಗತ್ಯ. ಮಂಗಳೂರನ್ನು ಕೊಂಕಣಿಯಲ್ಲಿ ಕೊಡಿಯಾಲ ಎನ್ನುತ್ತಾರೆ. ಬೈಲ್ ಎಂಬುದು ನಮ್ಮ ಬಯಲುಸೀಮೆಯ ಬಯಲಲ್ಲ. ತುಳುನಾಡಿನ ರೈತರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸುತ್ತಾರೆ. ಬೆಟ್ಟು ಎತ್ತರದ್ದು, ಮಜಲು ನಡುವಿನದು, ನೀರು ನಿಲ್ಲುವ ತಗ್ಗಿನ ಗದ್ದೆಯೇ ಬೈಲು. ಗದ್ದೆಗಳು ಹೋಗಿ ಕಟ್ಟಡಗಳು ಬಂದಿದ್ದರೂ ನೆಲದ ಸ್ವಭಾವ ಹೋಗಿಲ್ಲ. ಒಂದು ಕಡೆ ಬಾವುಟಗುಡ್ಡದ ಏರು, ಇನ್ನೊಂದು ಕಡೆ ಕದ್ರಿ, ಬಿಜೈಗಳತ್ತ ಸಾಗುವ ಏರಿಳಿತ. ಸಮತಟ್ಟಾದ ನಿವೇಶನ ದೊರೆಯುವುದು ಅಪರೂಪ. ಒಂದೇ ಕಟ್ಟಡಕ್ಕೆ ಮುಂದಿನ ರಸ್ತೆಯಿಂದ ನೋಡಿದರೆ ಮೊದಲನೆಯ ಮಹಡಿ ಎನಿಸಿದ್ದು ಹಿಂದಿನ ರಸ್ತೆಯಿಂದ ನೋಡಿದರೆ ನೆಲ ಅಂತಸ್ತಾಗಿರುವುದುಂಟು. ಈ ಸಂಗತಿ ಮುಂದೆ ನಮ್ಮ ಕೆಲಸಕ್ಕೆ ಬಂತು.

ಊರಿನ ಹೆಸರಾಂತ ಸಭಾಂಗಣಗಳಲ್ಲಿ ಕೆಲವು ಇಲ್ಲಿಯೇ ಮಹಾತ್ಮಾ ಗಾಂಧಿ ರಸ್ತೆಯಲ್ಲಿವೆ. ಡಾ. ಟಿ.ಎಂ.ಎ. ಪೈ ಅಂತರರಾಷ್ಟ್ರೀಯ ಸಮಾವೇಶ ಕೇಂದ್ರ, ಟಿ.ವಿ. ರಮಣ ಪೈ ಸಭಾಂಗಣಗಳ ಹೆಸರನ್ನು ಬಹುಮಂದಿ ಕೇಳಿರುತ್ತಾರೆ. ಕೆ.ಎಸ್.ಆರ್.ಟಿ.ಸಿ. ಬಸ್ ನಿಲ್ದಾಣ ಇರುವುದು ಪಕ್ಕದ ಬಿಜೈಯಲ್ಲಿ. ಆದುದರಿಂದ ಹುಬ್ಬಳ್ಳಿ, ಗದಗಗಳಿಂದ ಬರುವ ನಮ್ಮ ಜನರಿಗೆ ಈ ಭಾಗ ಅನುಕೂಲವೇ. ನಾವು ನೋಡಲು ಹೋದದ್ದು ದೊಡ್ಡ ಸಭಾಂಗಣಗಳನ್ನಲ್ಲ, ಏಳುನೂರು ಜನ ಹಿಡಿಯುವ ಸಾಧಾರಣವಾದ ಮೂರು ಭವನಗಳನ್ನು. ಅವುಗಳ ಹೆಸರು ಹೇಳುವುದಿಲ್ಲ. ಇಂಥವು ಪ್ರತಿ ಊರಿನಲ್ಲಿಯೂ ಇವೆ.

ಏಳುನೂರು ಎಂದೆನಷ್ಟೆ. ನಮ್ಮ ಗಣಿತ ಶಿಕ್ಷಕರು ಫೋನಿನಲ್ಲಿಯೇ ಒಂದು ಲೆಕ್ಕ ಒಪ್ಪಿಸಿದ್ದರು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅರವತ್ತು ದಾಟಿದವರು ನೂರಕ್ಕೆ ಒಂಬತ್ತೂವರೆ, ಒಂದಿಲ್ಲೊಂದು ಅಂಗವೈಕಲ್ಯ ಉಳ್ಳವರು ಹದಿಮೂರು ಲಕ್ಷಕ್ಕೂ ಅಧಿಕ, ಎಂದರೆ ನೂರಕ್ಕೆ ಎರಡಕ್ಕಿಂತ ತುಸು ಹೆಚ್ಚು. ಏಳುನೂರು ಜನರನ್ನು ಕರೆದರೆ ಅರವತ್ತಾರು ಮಂದಿ ವೃದ್ಧರು, ಹದಿನೈದು ಮಂದಿ ಅಂಗವಿಕಲರು ಇರಬೇಕು. “ನಿಮ್ಮ ಮದವ್ಯಾಗ ಇಷ್ಟ ಮಂದಿ ಕಾಣಲಿಲ್ಲಂದ್ರ ಅವರು ಇಲ್ಲಂತಲ್ಲ ಶಾಸ್ತ್ರಿಗಳ, ಮನ್ಯಾಗ ಕುಂತಾರಂತ ಅರ್ಥ.” ಅದರ ಮೇಲೆ ಬಸುರಿ ಹೆಣ್ಣುಮಕ್ಕಳು, ಕೈಗೂಸಿನ ತಾಯಂದಿರು, ಹೃದಯದ ಶಸ್ತ್ರಚಿಕಿತ್ಸೆಯಾದವರು. ಇವರನ್ನು ಜನಗಣತಿಯವರೂ ಎಣಿಸುವುದಿಲ್ಲ.

ಮೊದಲನೆಯ ಭವನದ ವ್ಯವಸ್ಥಾಪಕರು ಬಹಳ ಸೌಜನ್ಯದವರು. “ರ‍್ಯಾಂಪು ಇದೆ” ಎಂದು ಹೆಮ್ಮೆಯಿಂದ ತೋರಿಸಿದರು. ಮೂರು ಅಡಿ ಎತ್ತರದ ಜಗಲಿಗೆ ಹತ್ತು ಅಡಿ ಉದ್ದದ ಇಳಿಜಾರು. ಒಂದು ಅಂಶ ಏರಲು ಹನ್ನೆರಡು ಅಂಶ ಉದ್ದವಿರಬೇಕೆಂಬುದು ಇಂಜಿನಿಯರುಗಳ ನಿಯಮ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ, ಮೂರು ಅಡಿಗೆ ಮೂವತ್ತಾರು ಅಡಿ. ನಮ್ಮ ಹುಡುಗನೊಬ್ಬನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿದೆವು. ಇಬ್ಬರು ತಳ್ಳಿದರೂ ನಡುವೆ ನಿಂತುಬಿಟ್ಟಿತು, ಇಳಿಸುವಾಗ ಕೈಬಿಟ್ಟಿದ್ದರೆ ನೇರ ರಸ್ತೆಗೆ. ಅದು ಗ್ಯಾಸ್ ಸಿಲಿಂಡರು, ಅಕ್ಕಿ ಮೂಟೆಗಳನ್ನು ಏರಿಸಲು ಮಾಡಿದ್ದೆಂದು ಅಡಿಗೆಯವನೊಬ್ಬ ಆಮೇಲೆ ಹೇಳಿದ. ಲಿಫ್ಟಿನ ಬಾಗಿಲು ಅಳೆದರೆ ಎರಡೇ ಅಡಿ. ಕುರ್ಚಿ ಒಳಗೆ ಹೋಗಲೇ ಇಲ್ಲ. 900 ಮಿಲಿಮೀಟರು, ಅಂದರೆ ಹತ್ತಿರ ಹತ್ತಿರ ಮೂರಡಿ, ತೆರವು ಇರಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿಗಳು ಹೇಳುತ್ತವೆ. “ಇಷ್ಟು ವರ್ಷ ಯಾರೂ ದೂರು ಹೇಳಿಲ್ಲ ಸ್ವಾಮಿ” ಎಂದರು ವ್ಯವಸ್ಥಾಪಕರು. ದೂರು ಹೇಳಬೇಕಾದವರು ಕಚೇರಿಯವರೆಗೆ ಬರುವುದಾದರೂ ಹೇಗೆ? ಕಚೇರಿಯೂ ಮೇಲಿನ ಮಹಡಿಯಲ್ಲಿಯೇ ಇತ್ತು.

ಮೂರನೆಯದನ್ನು ಬೇಗ ಮುಗಿಸುತ್ತೇನೆ. ಎಲ್ಲವೂ ನೆಲಮಟ್ಟದಲ್ಲಿ, ಕಾರು ಆಟೋರಿಕ್ಷಾಗಳು ಮಾಡಿನ ಕೆಳಗಿನವರೆಗೂ ಬರುತ್ತವೆ, ಶೌಚಾಲಯ ವಿಶಾಲ. ಬಾಡಿಗೆ ಎರಡು ಪಟ್ಟು, ಮತ್ತು ವೈಶಾಖದಲ್ಲಿ ಖಾಲಿ ಇದ್ದುದು ಅಮಾವಾಸ್ಯೆಯ ದಿನ ಒಂದೇ. ಶರಣರ ದೃಷ್ಟಿಯಲ್ಲಿ ಎಲ್ಲ ದಿನಗಳೂ ಶುಭವೇ ಎಂದು ನಾನು ಹೇಳಿ ನೋಡಿದೆ. ತಮ್ಮನ ಹೆಂಡತಿ ನನ್ನ ಮುಖ ನೋಡಿದಳು. ಮುಹೂರ್ತದ ಮೇಲೆ ಇದೇ ಅಂಕಣದಲ್ಲಿ ನಾನು ಬರೆದ ಲೇಖನಗಳನ್ನು ಆಕೆ ಕತ್ತರಿಸಿ ಇಟ್ಟುಕೊಂಡಿದ್ದಾಳೆ.

ಎರಡನೆಯ ಭವನದಲ್ಲಿ ಸಭಾಂಗಣವೂ ಊಟದ ಮನೆಯೂ ಮೊದಲನೆಯ ಮಹಡಿಯಲ್ಲಿ ಅಕ್ಕಪಕ್ಕದಲ್ಲಿವೆ. ಮುಂಬಾಗಿಲಿನಿಂದ ಹದಿನೆಂಟು ಮೆಟ್ಟಿಲು, ಲಿಫ್ಟಿಲ್ಲ. ಹಿಂದಿರುಗುವವರಿದ್ದೆವು. ಅಷ್ಟರಲ್ಲಿ ತರಕಾರಿಯ ಗಾಡಿಯೊಂದು ಊಟದ ಮನೆಯ ಪಕ್ಕದಲ್ಲಿಯೇ ಬಂದು ನಿಂತದ್ದನ್ನು ತಮ್ಮನ ಮಗಳು ನೋಡಿದಳು. “ದೊಡ್ಡಪ್ಪಾ, ಈ ಗಾಡಿ ಮೆಟ್ಟಿಲು ಹತ್ತಿ ಬಂತೇ?” ಹಿಂದಿನ ಗುಡ್ಡದ ರಸ್ತೆಯಿಂದ ಒಂದು ಗೇಟು ಇದೆ. ಅಲ್ಲಿಂದ ಸಭಾಂಗಣಕ್ಕೆ ಒಂದು ಮೆಟ್ಟಿಲೂ ಇಲ್ಲ, ಎರಡು ಇಂಚಿನ ಹೊಸ್ತಿಲೊಂದು ಬಿಟ್ಟರೆ. ಅಡಿಗೆಯವರೂ ಪಾತ್ರೆ ತೊಳೆಯುವವರೂ ಮಾತ್ರ ಬಳಸುವ ದಾರಿ.

ಸಂತೋಷದಿಂದ ಶಿಕ್ಷಕರಿಗೆ ಫೋನು ಮಾಡಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಬೀಗರೆಲ್ಲಾ ತೋರಣದ ಬಾಗಲಾದಾಗ ಬರತಾರ. ನಾ ಮುಸುರಿ ಬಾಗಲಾದಾಗ ಬರಬೇಕೇನ್ರಿ?” ಎಂದರು.

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮದುವೆಯ ಮಂಟಪಕ್ಕೆ ಯಾರು ಯಾವ ಬಾಗಿಲಿನಿಂದ ಬರಬೇಕೆಂಬುದು ನಮಗೆ ಹೊಸ ಪ್ರಶ್ನೆಯಲ್ಲ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಯಿಂದ ಕಲ್ಯಾಣವೇ ಹೊತ್ತಿ ಉರಿಯಿತೆಂಬ ಚರಿತ್ರೆಯನ್ನು ಪುರಾಣ ಪ್ರವಚನಗಳಲ್ಲಿ ಎಷ್ಟು ಸಲ ಹೇಳಿದ್ದೇನೆ! ಇದೇ ಮಂಗಳೂರಿನಲ್ಲಿ 1897ರಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳ ಶಿಕ್ಷಣಕ್ಕಾಗಿ ಸಂಸ್ಥೆ ಕಟ್ಟಿ ಬಹಿಷ್ಕಾರವನ್ನು ಉಂಡರು. ಇಂದು ನಗರದ ಪುರಭವನಕ್ಕೆ ಅವರ ಹೆಸರಿದೆ. ಇಷ್ಟೆಲ್ಲ ಬಲ್ಲ ನಾನು, ಒಬ್ಬ ಬೀಗನನ್ನು ಹಿತ್ತಲ ಬಾಗಿಲಿನಿಂದ ಕರೆದುಕೊಳ್ಳುವುದನ್ನು ಅನುಕೂಲವೆಂದು ಭಾವಿಸಿ ಸಂತೋಷಪಟ್ಟಿದ್ದೆ.

ದಾರಿ ತೋರಿದವಳು ಮದುಮಗಳೇ. ಕಾಕಾ ಒಬ್ಬರೇ ಏಕೆ, ಎಲ್ಲರೂ ಆ ಗೇಟಿನಿಂದಲೇ ಬರಲಿ ಎಂದಳು. ತೋರಣ, ಬಾಳೆಕಂಬ, ಪನ್ನೀರು, ಬೀಗರನ್ನು ಎದುರುಗೊಳ್ಳುವ ಶಾಸ್ತ್ರ ಎಲ್ಲವೂ ಹಿಂದಿನ ರಸ್ತೆಯಲ್ಲಿ. ತರಕಾರಿ, ಪಾತ್ರೆಗಳು ಮುಂಬಾಗಿಲ ಮೆಟ್ಟಿಲು ಹತ್ತಲಿ, ಬೇಕಾದರೆ ನಾಲ್ಕು ಕೂಲಿಯಾಳು ಹೆಚ್ಚು. ಭವನದವರು ಮೊದಲು ನಕ್ಕರು, ಆಮೇಲೆ ಒಪ್ಪಿದರು. ಆ ಓಣಿಯಲ್ಲಿ ಕಾರುಗಳು ನಿಲ್ಲಲು ಸ್ಥಳವಿಲ್ಲ, ಜನರನ್ನು ಇಳಿಸಿ ಮುಂದಿನ ಅಂಗಳಕ್ಕೆ ಸುತ್ತಿ ಹೋಗಬೇಕು. ಅದಕ್ಕಾಗಿ ಇಬ್ಬರು ಹುಡುಗರು ನಿಂತಿರಬೇಕೆಂದು ಗೊತ್ತುಮಾಡಿದ್ದೇವೆ. ಗೇಟಿನಿಂದ ಬಾಗಿಲವರೆಗೆ ಮಾಡೂ ಇಲ್ಲ. ಮಂಗಳೂರಿನ ಮಳೆ ಜೂನಿನವರೆಗೆ ಕಾಯುತ್ತದೆಂಬ ಭರವಸೆ ಇಲ್ಲದ ಕಾರಣ ಶಾಮಿಯಾನ ಹಾಕಿಸುವುದೆಂದಾಯಿತು. ಒದ್ದೆಯಾದ ನುಣುಪುಗಲ್ಲಿನ ಮೇಲೆ ಊರುಗೋಲು ಜಾರುತ್ತದೆ, ಅಲ್ಲಿಗೆ ಒರಟು ಚಾಪೆ.

ವೇದಿಕೆಯ ವಿಚಾರ ಇದಕ್ಕಿಂತ ಕಠಿಣವಾಯಿತು. ಅಲ್ಲಿಯ ವೇದಿಕೆ ಮೂರು ಅಡಿ ಎತ್ತರ. ಮೂವತ್ತಾರು ಅಡಿ ರ‍್ಯಾಂಪಿಗೆ ಜಾಗವೆಲ್ಲಿ? ಹಿಂದೆ ಹಳ್ಳಿಗಳಲ್ಲಿ ಮನೆಯ ಮುಂದೆ ಹಂದರ ಹಾಕಿ, ಹಂದರಗಂಬ ಪೂಜಿಸಿ, ನೆಲದ ಮೇಲೆಯೇ ಹಸೆ ಹಾಸಿ ಮದುವೆ ಮಾಡುತ್ತಿದ್ದುದನ್ನು ನೆನಪಿಸಿದೆ. ಹಳೆಯ ಕಾಲವನ್ನು ಹೊಗಳಲು ಈ ಮಾತು ಹೇಳುತ್ತಿಲ್ಲ. ಆ ಹಂದರದ ಅಂಚಿನಲ್ಲಿಯೇ ವಿಧವೆಯರನ್ನೂ ಹೊಲಗೇರಿಯವರನ್ನೂ ನಿಲ್ಲಿಸುತ್ತಿದ್ದುದನ್ನು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದೇನೆ. ಆದರೆ ನೆಲವಂತೂ ಸಮವಾಗಿತ್ತು. ಸಭಾಂಗಣದಲ್ಲಿ ನೆಲದ ಮೇಲೆಯೇ ಮಂಟಪ ಕಟ್ಟಿಸೋಣವೆಂದರೆ ವರನ ತಾಯಿ, ಹಿಂದೆ ಕುಳಿತವರಿಗೆ ಏನೂ ಕಾಣದು, ವಿಡಿಯೋದವರು ಒಪ್ಪುವುದಿಲ್ಲವೆಂದರು. ಮೊದಲನೆಯ ಮಾತು ನ್ಯಾಯವಾದುದೇ. ಕೊನೆಗೆ ಅರ್ಧ ಅಡಿ ಎತ್ತರದ ಹಲಗೆಯ ಕಟ್ಟೆ, ಅದಕ್ಕೆ ಆರು ಅಡಿಯ ಹಲಗೆಯ ರ‍್ಯಾಂಪು ಎಂದು ತೀರ್ಮಾನವಾಯಿತು. ಶಾಮಿಯಾನದವರೇ ಮಾಡಿಕೊಡುತ್ತಾರೆ. ಮುಂದಿನ ಸಾಲಿನಲ್ಲಿ ಅಲ್ಲಲ್ಲಿ ಒಂದೊಂದು ಕುರ್ಚಿಯನ್ನು ತೆಗೆದು ಜಾಗ ಬಿಡುವುದು. ಗಾಲಿಕುರ್ಚಿಯವರನ್ನು ಸಾಲಿನ ಕೊನೆಗೆ ಒಂಟಿಯಾಗಿ ನಿಲ್ಲಿಸಿದರೆ ಅವರ ಹೆಂಡತಿ ಮಕ್ಕಳು ಬೇರೆ ಕಡೆ ಕೂರಬೇಕಾಗುತ್ತದೆ.

ಊಟದಲ್ಲಿ ನನ್ನದೊಂದು ಹಟ ನಡೆಯಿತು. ಈಚೆಗೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ಬಡಿಸಿಕೊಂಡು ನಿಂತೇ ಉಣ್ಣುವ ಪದ್ಧತಿ ಎಲ್ಲೆಡೆ ಬಂದಿದೆ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ತಟ್ಟೆ ಹಿಡಿದವನು ಉಣ್ಣುವುದು ಯಾವ ಕೈಯಿಂದ? ನೆಲದ ಮೇಲಿನ ಪಂಕ್ತಿಗೆ ಮರಳೋಣವೆನ್ನಲು ನನ್ನ ಮೊಣಕಾಲುಗಳೇ ಒಪ್ಪುವುದಿಲ್ಲ. ಮೇಜು, ಕುರ್ಚಿ, ಬಾಳೆಎಲೆ, ಬಡಿಸುವವರು, ಇದೇ ಸರಿ. ಗಾಲಿಕುರ್ಚಿ ಮೇಜಿನ ಕೆಳಗೆ ಸೇರುವಂತೆ ಅಡ್ಡಪಟ್ಟಿ ಇಲ್ಲದ ಮೇಜುಗಳನ್ನು ಎರಡು ಕಡೆ ಹಾಕಿಸುತ್ತೇವೆ.

ಇಷ್ಟರವರೆಗೆ ಕಾಲುಗಳ ವಿಚಾರವಾಯಿತು. ಕಣ್ಣು, ಕಿವಿಗಳದು ಬೇರೆ. ನಾನು ಮಠದ ಪಾಠಶಾಲೆಯಲ್ಲಿದ್ದ ದಿನಗಳಲ್ಲಿ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಅಂಧ ಗವಾಯಿಯೊಬ್ಬರು ಸುತ್ತಲಿನ ಊರುಗಳ ಮದುವೆಗಳಿಗೆ ಹಾಡಲು ಬರುತ್ತಿದ್ದರು. ಪಂಚಾಕ್ಷರಿ ಗವಾಯಿಗಳು (1892-1944) ಮತ್ತು ಪುಟ್ಟರಾಜ ಗವಾಯಿಗಳು (1914-2010), ತಾವಿಬ್ಬರೂ ಅಂಧರಾಗಿದ್ದು ನೂರಾರು ಅಂಧ ಬಾಲಕರಿಗೆ ಸಂಗೀತದಿಂದ ಬದುಕು ಕಟ್ಟಿಕೊಟ್ಟ ಸ್ಥಾನವದು. ಆ ಗವಾಯಿಗಳು ಹಂದರಕ್ಕೆ ಬಂದೊಡನೆ ನನ್ನ ಮೊಣಕೈ ಮೇಲ್ಭಾಗವನ್ನು ಹಿಡಿದು, “ಒಂದ ಸುತ್ತ ತೋರಸು ತಮ್ಮಾ” ಎನ್ನುತ್ತಿದ್ದರು. ಬಾಗಿಲಿಗೆ ಎಷ್ಟು ಹೆಜ್ಜೆ, ನೀರಿನ ಹಂಡೆ ಎಲ್ಲಿ, ಬಚ್ಚಲು ಎಲ್ಲಿ ಎಂದು ಎಣಿಸಿಕೊಂಡರೆ ಮುಗಿಯಿತು, ಮತ್ತೆ ಯಾರನ್ನೂ ಕರೆಯುತ್ತಿರಲಿಲ್ಲ. ಅವರನ್ನು ನಾವು ಹಿಡಿದೆಳೆಯಬಾರದು, ಅವರು ನಮ್ಮನ್ನು ಹಿಡಿದುಕೊಳ್ಳಬೇಕು ಎಂಬುದನ್ನು ನನಗೆ ಕಲಿಸಿದವರು ಅವರೇ. ಕಿವಿ ಮಂದವಾದವರಿಗೆ ಧ್ವನಿವರ್ಧಕವನ್ನು ಜೋರು ಮಾಡಿದರೆ ಸಾಕೆಂದು ತಿಳಿಯುವುದೂ ತಪ್ಪು. ಶ್ರವಣಯಂತ್ರ ಧರಿಸಿದವರಿಗೆ ಆ ಗದ್ದಲ ಹಿಂಸೆಯಾಗುತ್ತದೆ. ಮಾತನಾಡುವವರ ಮುಖದ ಮೇಲೆ ಬೆಳಕಿದ್ದರೆ ತುಟಿಯ ಚಲನೆಯಿಂದ ಅವರು ಅರ್ಧ ತಿಳಿದುಕೊಳ್ಳುತ್ತಾರೆ.

ಕಾನೂನಿನ ಮಾತೂ ಒಂದಿಷ್ಟಿದೆ. 1995ರ ಅಧಿನಿಯಮದ ಸ್ಥಾನದಲ್ಲಿ ಬಂದ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಏಳು ಬಗೆಯ ವೈಕಲ್ಯಗಳಿದ್ದ ಪಟ್ಟಿ ಇಪ್ಪತ್ತೊಂದಕ್ಕೆ ಏರಿತು. ಅದರಲ್ಲಿ ಸಾರ್ವಜನಿಕ ಕಟ್ಟಡವೆಂದರೆ ಸರ್ಕಾರದ್ದು ಮಾತ್ರವಲ್ಲ, ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡವೂ ಸೇರಿದೆ, ಧಾರ್ಮಿಕ, ಸಾಂಸ್ಕೃತಿಕ ಕಾರ್ಯಗಳ ಸ್ಥಳಗಳೂ ಸೇರಿವೆ. ನಮ್ಮ ಕಲ್ಯಾಣಮಂಟಪಗಳು, ಮಠಗಳ ಸಮುದಾಯ ಭವನಗಳು ಇದರ ಹೊರಗೆ ಉಳಿಯಲಾರವು. ಹಳೆಯ ಕಟ್ಟಡಗಳನ್ನು ಸರಿಪಡಿಸಲು ನಿಯಮಗಳು ಪ್ರಕಟವಾದಂದಿನಿಂದ ಐದು ವರ್ಷಗಳ ಗಡುವಿತ್ತು. ನಿಯಮಗಳು ಬಂದದ್ದು 2017ರ ಜೂನಿನಲ್ಲ್ಲಿ, ಗಡುವು ಯಾವಾಗ ಮುಗಿಯಿತೆಂದು ವಾಚಕರೇ ಲೆಕ್ಕ ಹಾಕಬಹುದು. 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು, ಈ ವಿಷಯದ ಮಾನದಂಡಗಳು ಬರಿಯ ಸಲಹೆಗಳಾಗಿ ಉಳಿಯಕೂಡದು, ಕಡ್ಡಾಯವಾಗಬೇಕೆಂದು ಹೇಳಿ ಕೇಂದ್ರ ಸರ್ಕಾರಕ್ಕೆ ಮೂರು ತಿಂಗಳ ಅವಧಿ ಕೊಟ್ಟಿತು. ಅಂಗವಿಕಲ, ವಿಕಲಚೇತನ, ದಿವ್ಯಾಂಗ ಎಂದು ಹೆಸರುಗಳನ್ನು ನಾವು ಮೇಲಿಂದ ಮೇಲೆ ಬದಲಿಸಿದ್ದೇವೆ. ಲಿಫ್ಟಿನ ಬಾಗಿಲು ಮಾತ್ರ ಎರಡೇ ಅಡಿ ಇದೆ. ನಮ್ಮ ಸಮಾಜದ ಭವನಗಳ ಧರ್ಮದರ್ಶಿಗಳಲ್ಲಿ ಈ ಪತ್ರಿಕೆಯ ಚಂದಾದಾರರು ಬಹಳ ಮಂದಿ ಇದ್ದಾರೆ. ನ್ಯಾಯಾಲಯದ ನೋಟೀಸಿಗೆ ಮುಂಚೆ ಅವರು ಒಂದು ಟೇಪು ಹಿಡಿದು ತಮ್ಮ ಭವನವನ್ನು ಸುತ್ತಿ ಬಂದರೆ ಚೆನ್ನ.

ಲಗ್ನಪತ್ರಿಕೆಯಲ್ಲಿ ಈ ಸಲ ಒಂದು ಸಾಲನ್ನು ಸೇರಿಸಿದ್ದೇವೆ: “ಹಿಂದಿನ ರಸ್ತೆಯ ದ್ವಾರದಿಂದ ಮೆಟ್ಟಿಲುಗಳಿಲ್ಲದೆ ಬರಬಹುದು. ಗಾಲಿಕುರ್ಚಿ ಬೇಕಾದವರು ಮುಂಚಿತವಾಗಿ ತಿಳಿಸಬೇಕಾಗಿ ವಿನಂತಿ.” ಅದರ ಕೆಳಗೆ ತಮ್ಮನ ಫೋನ್ ನಂಬರು. ಮುದ್ರಣಾಲಯದವನು, ಇಂಥದನ್ನು ಯಾರೂ ಹಾಕಿಸುವುದಿಲ್ಲವೆಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡ. ಪತ್ರಿಕೆ ಹಂಚಿದ ವಾರದೊಳಗೆ ನಾಲ್ಕು ಮನೆಗಳಿಂದ ಫೋನು ಬಂದಿದೆ. ಅದರಲ್ಲಿ ಇಬ್ಬರು ನಮಗೆ ತೀರ ಹತ್ತಿರದವರು. ಅವರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆಂದು ನಮಗೆ ಗೊತ್ತಿತ್ತು. ಬರಲು ಮನಸ್ಸಿದೆಯೇ ಎಂದು ಮಾತ್ರ ಎಂದೂ ಕೇಳಿರಲಿಲ್ಲ.

ಉಳಿದದ್ದು ಶೌಚಾಲಯದ ಬಾಗಿಲು. ಅಳೆದರೆ ಇಪ್ಪತ್ತನಾಲ್ಕು ಇಂಚು, ಶಿಕ್ಷಕರ ಕುರ್ಚಿ ಇಪ್ಪತ್ತಾರು. ಕದವನ್ನು ಕಳಚಿ ದಪ್ಪ ಪರದೆ ಕಟ್ಟಿದರೆ ಒಂದೂವರೆ ಇಂಚು ಸಿಗುತ್ತದೆಂದು ಬಡಿಗ ಹೇಳಿದ. ಆಗಲೂ ಅರ್ಧ ಇಂಚು ಕಡಿಮೆ. ಮೇಲಾಗಿ ಪರದೆಯ ಹಿಂದೆ ಯಾರು ಹೋಗುತ್ತಾರೆ? ಚೌಕಟ್ಟನ್ನೇ ಒಡೆದು ಮೂರಡಿಯ ಬಾಗಿಲು ಕೂರಿಸಬೇಕು, ಕಮೋಡಿನ ಪಕ್ಕದ ಗೋಡೆಗೆ ಹಿಡಿದು ಏಳಲು ಕಂಬಿ ಹಾಕಬೇಕು ಎಂದೆವು. ಭವನದವರು ಅರ್ಧ ಖರ್ಚು ನಾವು ಕೊಟ್ಟರೆ ಮಾಡಿಸುವುದಾಗಿ ಹೇಳಿದ್ದಾರೆ. ವಾದ್ಯಮೇಳದ ಒಂದು ಭಾಗವನ್ನು ಬಿಟ್ಟು ತಮ್ಮ ಒಪ್ಪಿಕೊಂಡಿದ್ದಾನೆ. ಚೈತ್ರದ ಕೊನೆಗೆ ಹೋಗಿ ಮತ್ತೊಮ್ಮೆ ಟೇಪು ಹಿಡಿಯುತ್ತೇನೆ.

ಮೊನ್ನೆ ಊರಿಗೆ ಹೋದಾಗ ಅಕ್ಕನಿಗೆ ಪತ್ರಿಕೆ ಕೊಟ್ಟೆ. ಓದಲು ಬಾರದು, ಮೊಮ್ಮಗಳು ಓದಿ ಹೇಳಿದಳು. ಮೆಟ್ಟಿಲಿನ ಸಾಲನ್ನು ಎರಡು ಸಲ ಓದಿಸಿದಳು.

“ಒಂದೂ ಇಲ್ಲೇನೋ?”

“ಒಂದೂ ಇಲ್ಲಕ್ಕಾ. ನಾನ ಅಳತಿ ಮಾಡೀನಿ.”

“ಹಾದೂ ಬೀದಿ? ಬಸ್ಸು ರಾತ್ರಿಯೆಲ್ಲಾ ಕುಂಡ್ರಸತೈತಿ” ಎಂದಳು. ರೈಲಿನಲ್ಲಿ ಮಲಗಿಕೊಂಡು ಹೋಗಬಹುದು, ಕೆಳಗಿನ ಬರ್ತು ಕೇಳೋಣವೆಂದೆ. ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಸಂಜೆ ನಾನು ಹೊರಡುವ ಹೊತ್ತಿಗೆ ಮೊಮ್ಮಗಳನ್ನು ಕರೆದು, ಟ್ರಂಕಿನಲ್ಲಿರುವ ಕುಬಸದ ಕಣಗಳನ್ನು ತೆಗೆದು ಬಿಸಿಲಿಗೆ ಹಾಕಲು ಹೇಳುತ್ತಿದ್ದಳು.